ಮನ್ಯಾಗ ಕುಂತು ಆಫೀಸ್ ಒಳಗ ಹೋಗೂ ಸ್ಮಾರ್ಟ್ ಕಾರ್ಡ್ ವಿಪಿಎನ್: ಬಳಸಿದವ್ರ ರಿವ್ಯೂ

ಪುಣೆದಾಗ ಐಟಿ ಕೆಲ್ಸ ಮಾಡೂ ನಮ್ಮ ಕಡೆ ಮಂದಿ ವಾಟ್ಸಾಪ್ ಗ್ರೂಪಿನ್ಯಾಗ ಈ ಕಾರ್ಡ್ ಲಾಗಿನ್ ಬಗ್ಗೆ ಮ್ಯಾಲಿಂದ ಮ್ಯಾಲೆ ಕೇಳಾಕತ್ತಾರ, ನಿಮ್ಮ ಕಂಪನ್ಯಾಗ ಹೆಂಗೈತಿ, ತ್ರಾಸ ಕೊಡ್ತೈತೇನು, ಮೊದಲಿನ ಒಟಿಪಿ ಆ್ಯಪೇ ಚೊಲೊ ಇತ್ತೇನು ಅಂತ. ಒಬ್ಬೊಬ್ಬರಿಗೆ ಟೈಪ್ ಮಾಡೂಕಿಂತ ಒಂದ ಕಡೆ ಬರದ ಬಿಡ್ತೀನಿ. ಕಾರ್ಡಿಗೆ ನನ್ನ ಕಡಿಂದ ಪೂರಾ ಮಾರ್ಕ್ಸು, ಅದನ್ನ ನಮ್ಮ ಮನಿತನಕ ಮುಟ್ಟಿಸಿದ ರೀತಿಗೆ ಅರ್ಧ ಮಾರ್ಕ್ಸು. ಇದನ್ನ ಕೂಡಿಸಿದವ್ರ ತಲ್ಯಾಗ ನೌಕರ ಅಂದ್ರ ಹಿಂಜವಡಿ ಫೇಸ್ 3ರ ಬಿಲ್ಡಿಂಗಿನ್ಯಾಗ ನೆಟ್‌ವರ್ಕ್ ವಯರ್ ಹಚ್ಚಿಕೊಂಡು ಕುಂತವ, ವಾಕಡದ ಬಾಡಿಗಿ ಫ್ಲ್ಯಾಟಿನ್ಯಾಗ ವೈಫೈ ಮ್ಯಾಲೆ ಕೆಲ್ಸ ಮಾಡವ್ರನ್ನ ಆಮ್ಯಾಲೆ ನೆನಪು ಮಾಡ್ಕೊಂಡಾರ. ಕಂಪನಿ ಹೆಸರು, ವಿಪಿಎನ್ ಯಾರ್ದು ಅನ್ನೂದು ಎರಡೂ ಕೇಳಬ್ಯಾಡ್ರಿ, ನೌಕರಿ ಇನ್ನೂ ಬೇಕಾಗೈತಿ.

ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೀನಿ. ವಿಪಿಎನ್ ಅಂದ್ರ ಮನಿ ಇಂಟರ್ನೆಟ್ಟಿನಿಂದ ಆಫೀಸ್ ನೆಟ್‌ವರ್ಕ್ ಒಳಗ ಹೋಗೂ ಗುಟ್ಟಿನ ಸುರಂಗ ಇದ್ದಂಗ, ಅದರ ಬಾಗ್ಲ ತಗಿಯೂದು ಈ ಕಾರ್ಡು. ಎಟಿಎಂ ಕಾರ್ಡಿನ ಅಳತಿದ್ದ ಕಾರ್ಡ್, 85.6 ಮಿಲಿಮೀಟರ್ ಉದ್ದ 54 ಅಗಲ, ಮ್ಯಾಲೆ ಬಂಗಾರ ಬಣ್ಣದ ಚಿಪ್. ಯುಎಸ್‌ಬಿ ರೀಡರ್‌ನ್ಯಾಗ ತುರುಕಬೇಕು, 6 ಅಂಕಿ ಪಿನ್ ಹೊಡಿಬೇಕು, ವಿಪಿಎನ್ ಕೂಡ್ತೈತಿ, ಆಮ್ಯಾಲೆ ಮೇಲು, ಟೈಮ್‌ಶೀಟು, ಟಿಕೆಟ್ ಪೋರ್ಟಲ್ಲು ಯಾವುದೂ ಪಾಸ್‌ವರ್ಡ್ ಕೇಳೂದಿಲ್ಲ. ಕೆಲವ್ರು ಆಫೀಸ್ ಬಾಗ್ಲಕ್ಕ ಟಚ್ ಮಾಡೂ ಕಾರ್ಡು ಇದೂ ಒಂದೇ ಅಲ್ಲೇನ್ರಿ ಅಂತಾರ. ಪ್ಲಾಸ್ಟಿಕ್ ಒಂದೇ ಖರೆ, ಕೆಲ್ಸ ಬ್ಯಾರೆ. ಬಾಗ್ಲಕ್ಕ ಒಳಗಿನ ಆಂಟೆನಾ, ಲ್ಯಾಪ್‌ಟಾಪಿಗೆ ಮ್ಯಾಲಿನ ಚಿಪ್ಪು.

ಈ ಚಿಪ್ಪಿನ ಒಳಗ ನಿಮ್ಮ ಪ್ರೈವೇಟ್ ಕೀ, ಅಂದ್ರ ಸಹಿ ಮಾಡಾಕ ಬೇಕಾದ ಗುಟ್ಟಿನ ಕೀಲಿ, ಇರ್ತೈತಿ, ಅದು ಹೊರಗ ಬರೂದ ಇಲ್ಲ. ವಿಪಿಎನ್ ಗೇಟ್‌ವೇ, ಅಂದ್ರ ಸುರಂಗದ ಆಫೀಸ್ ಕಡೆ ಬಾಗ್ಲ ಕಾಯೂ ಯಂತ್ರ, ಒಂದಿಷ್ಟು ಡೇಟಾ ಕಳಸ್ತೈತಿ, ಚಿಪ್ ಅದಕ್ಕ ಒಳಗ ಸಹಿ ಮಾಡಿ ಹೊರಗ ಕೊಡ್ತೈತಿ, ಆಟ ಇಷ್ಟ. ಪಿನ್ ಸುದ್ದಾ ಸರ್ವರ್‌ತನಕ ಹೋಗೂದಿಲ್ಲ, ಚಿಪ್ ತಾನ ನೋಡಿ ಸರಿ ತಪ್ಪು ಅಂತೈತಿ, ತಪ್ಪಿದ್ದನ್ನ ಎಣಿಸ್ತೈತಿ, ನಮ್ಮ ಕಾರ್ಡಿಗೆ 3 ಸಲ ತಪ್ಪಿದ್ರ ಲಾಕ್. ಅದಕ್ಕ 6 ಅಂಕಿ ಸಾಕಾಗ್ತದ, ದೊಡ್ಡಕ್ಷರ ಸಣ್ಣಕ್ಷರ ಡಾಲರ್ ಚಿಹ್ನೆ ಅಂತ 90 ದಿನಕ್ಕೊಮ್ಮೆ ಹೊಸಾ ಪಾಸ್‌ವರ್ಡ್ ಹುಡುಕೂ ಕಾಟ ಹೋತು. ನಿಮಗ ಪರಿಚಯದ ಚಾರ್ಟರ್ಡ್ ಅಕೌಂಟೆಂಟ್ ಇದ್ರ ಅವ್ರ ಟೇಬಲ್ ಮ್ಯಾಲೆ ಇಪಾಸ್ 2003 ಇಲ್ಲಾ ಪ್ರಾಕ್ಸ್‌ಕೀ ಅನ್ನೂ ಸಣ್ಣ ಯುಎಸ್‌ಬಿ ಟೋಕನ್ ನೋಡಿರ್ತೀರಿ, ಜಿಎಸ್‌ಟಿ, ಕಂಪನಿ ರಿಟರ್ನು, ಟೆಂಡರಿಗೆ ಡಿಜಿಟಲ್ ಸಹಿ ಹಾಕೂದು, ಅದರ ಒಳಗಿರೂದೂ ಇದ ಜಾತಿ ಚಿಪ್ಪು, ಆಕಾರ ಅಷ್ಟ ಬ್ಯಾರೆ.

ಈಗ ಮುಖ್ಯ ಸುದ್ದಿಗೆ ಬರ್ತೀನಿ. ಒಮ್ಮೆ ಪಿನ್ ಹೊಡದ್ರ ಎಲ್ಲಾ ತಗೀತೈತಿ ಅಂತ ಟ್ರೇನಿಂಗ್‌ನ್ಯಾಗ ಹೇಳಿದ್ರು. ಮನ್ಯಾಗಿಂದ ಹಂಗಾಗೂದಿಲ್ಲ, ಎರಡು ಸಲ ಹೊಡಿಬೇಕು, ವಿಂಡೋಸಿಗೆ ಒಮ್ಮೆ ವಿಪಿಎನ್‌ಗೆ ಒಮ್ಮೆ. ಯಾಕ ಅಂತ ತಲಿ ಕೆಡಿಸಿಕೊಂಡು ಓದಿದೆ, ವಿಂಡೋಸ್ ಪಿನ್ನನ್ನ ಒಂದೊಂದು ಪ್ರೋಸೆಸ್‌ಗೆ (ನಡದಿರೂ ಪ್ರೋಗ್ರಾಮಿಗೆ) ಬ್ಯಾರೆ ಬ್ಯಾರೆ ನೆನಪಿಟ್ಟಿರ್ತೈತಂತ, ಲಾಗಿನ್ ಸ್ಕ್ರೀನಿಗೆ ಕೊಟ್ಟಿದ್ದು ವಿಪಿಎನ್ ಸಾಫ್ಟ್‌ವೇರಿಗೆ ಸಿಗೂದಿಲ್ಲ. ಸೇಫ್ಟಿ ದೃಷ್ಟಿಯಿಂದ ಇದು ಸರಿನೇ, ನಾನೇನು ಬೈಯೂದಿಲ್ಲ, ಆದ್ರ ಪಿಪಿಟಿನ್ಯಾಗ ಒಮ್ಮೆ ಅಂತ ಯಾಕ ಬರದ್ರಿ?

ಸುರಂಗ ಕೂಡಿದ ಮ್ಯಾಲೆ ಮಾತ್ರ ಮಜಾ ಐತಿ. ಕಾರ್ಡಿನ ಸರ್ಟಿಫಿಕೇಟ್ (ಈ ಕೀ ಇಂಥವ್ರದು ಅಂತ ಹೇಳೂ ಡಿಜಿಟಲ್ ಪತ್ರ) ತೋರಿಸಿ ಡೊಮೇನ್ ಕಂಟ್ರೋಲರ್ (ನೌಕರರ ಅಕೌಂಟ್ ತಪಾಸಣೆ ಮಾಡೂ ಆಫೀಸ್ ಸರ್ವರ್) ಕಡಿಂದ ಕರ್ಬೆರೋಸ್ ಟಿಕೆಟ್, ಅಂದ್ರ ಒಂಥರಾ ಡಿಜಿಟಲ್ ಪಾಸು, ತಗೋತಾರ, ಈ ಪದ್ಧತಿಗೆ ಪಿಕೆಇನಿಟ್ ಅಂತಾರ, 2006ರಾಗ ಆರ್‌ಎಫ್‌ಸಿ 4556 ಅಂತ ಸ್ಟ್ಯಾಂಡರ್ಡ್ ಆಗೈತಿ. ಆಮ್ಯಾಲೆ ಯಾವ ಸೈಟಿಗೆ ಹೋದ್ರೂ ಟಿಕೆಟ್ ತೋರಿಸಿದ್ರ ಒಳಗ. ಡೊಮೇನಿನ ಡೀಫಾಲ್ಟ್ ಸೆಟ್ಟಿಂಗ್‌ನ್ಯಾಗ ಈ ಟಿಕೆಟ್ 10 ತಾಸು ನಡೀತೈತಿ. ಮುಂಜಾನಿ 9ಕ್ಕ ಲಾಗಿನ್ ಆದವ್ರಿಗೆ ಸಂಜಿ ಅಮೆರಿಕಾ ಕಾಲ್ ನಡು ಮೂಲ್ಯಾಗ ಒಂದು ಮೆಸೇಜ್ ಬರ್ತೈತಿ, ಕಂಪ್ಯೂಟರ್ ಲಾಕ್ ಮಾಡಿ ಸ್ಮಾರ್ಟ್ ಕಾರ್ಡ್ ಹಚ್ಚಿ ಮತ್ತ ಅನ್‌ಲಾಕ್ ಮಾಡ್ರಿ ಅಂತ. ನಮ್ಮ ಟೀಮಿನ ಮಂದಿ ಅದು ವೈರಸ್ ಅಂತ ತಿಳಕೊಂಡು ಮುಚ್ಚತಿದ್ರು. ವೈರಸ್ ಅಲ್ಲರೀ, ಹೇಳಿದಂಗ ಮಾಡ್ರಿ, ಇಲ್ಲಾಂದ್ರ ಶೇರ್ಡ್ ಫೋಲ್ಡರ್ ಒಂದೊಂದ ಕೈ ಕೊಡ್ತಾವ.

ದೊಡ್ಡ ತೊಂದ್ರಿ ಬರೂದು ಮೊದಲನೇ ಲಾಗಿನ್‌ಗೆ. ಹೊಸಾ ಲ್ಯಾಪ್‌ಟಾಪಿನ್ಯಾಗ ಕಾರ್ಡ್ ಹಚ್ಚಿ ಒಳಗ ಹೋಗಬೇಕಂದ್ರ ಡೊಮೇನ್ ಕಂಟ್ರೋಲರ್ ಸಿಗಬೇಕು, ಅದು ಆಫೀಸ್ ನೆಟ್‌ವರ್ಕ್ ಒಳಗೈತಿ, ಒಳಗ ಹೋಗಾಕ ವಿಪಿಎನ್ ಬೇಕು, ವಿಪಿಎನ್ ಚಾಲೂ ಮಾಡಾಕ ಮೊದಲ ವಿಂಡೋಸ್ ಒಳಗ ಹೋಗಬೇಕು. ಒಮ್ಮೆ ಒಳಗ ಹೋದ ಮ್ಯಾಲೆ ವಿಂಡೋಸ್ ನೆನಪಿಟ್ಟುಕೊಂಡು ಮುಂದ ನೆಟ್ ಇಲ್ಲದಾಗೂ ಬಿಡ್ತೈತಿ, ಆದ್ರ ಆ ಮೊದಲನೇ ಸಲಕ್ಕ ಏನ ಮಾಡಬೇಕು? ಇದಕ್ಕ ಔಷಧ ಇಲ್ಲಂತಲ್ಲ, ಲಾಗಿನ್ ಸ್ಕ್ರೀನಿನ್ಯಾಗ ವಿಪಿಎನ್ ಮೊದಲ ಕೂಡಸೂ ಬಟನ್ ಕೊಡೂ ಸೌಲಭ್ಯ ವಿಂಡೋಸ್‌ನ್ಯಾಗ ವಿಸ್ಟಾ ಕಾಲದಿಂದ ಐತಿ, ದೊಡ್ಡ ವಿಪಿಎನ್‌ಗಳೆಲ್ಲಾ ಅದನ್ನ ಬಳಸ್ತಾವ. ನಮ್ಮವ್ರು ಕಾರ್ಡ್ ಹಂಚಿದ ಎಷ್ಟೋ ತಿಂಗಳ ಮ್ಯಾಲೆ ಅದನ್ನ ಹಚ್ಚಿದ್ರು. ಅಲ್ಲೀತನಕ ಹುಬ್ಬಳ್ಳಿ, ಬೆಳಗಾವಿ, ಸಾಂಗ್ಲಿ ಕಡೆ ಮನ್ಯಾಗ ಕುಂತು ಕೆಲ್ಸ ಮಾಡೂ ಹುಡುಗರು ಲ್ಯಾಪ್‌ಟಾಪ್ ಬದಲಾದ್ರ ಒಂದು ಲಾಗಿನ್ ಸಲುವಾಗಿ ರಾತ್ರಿ ಬಸ್ ಹಿಡದು ಪುಣೆಗೆ ಬರಬೇಕಾಗಿತ್ತು. ಹಿಂಜವಡಿ ಟ್ರಾಫಿಕ್ ದಾಟಿ, ರಿಸೆಪ್ಶನ್‌ನ್ಯಾಗ ಕುಂತು, ನೆಟ್‌ವರ್ಕ್ ವಯರ್ ಚುಚ್ಚಿ, ಪಿನ್ ಹೊಡದು, ಆತು, ಇನ್ನ ಹೋಗ್ರಿ.

ಇನ್ನೊಂದು ಕತಿ ಕೇಳ್ರಿ. ಕಾರ್ಡ್ ಕಳಕೊಂಡವ್ರ ಸರ್ಟಿಫಿಕೇಟ್ ರದ್ದು ಮಾಡ್ತಾರಲ್ಲಾ, ಆ ರದ್ದಾದವುಗಳ ಲಿಸ್ಟಿಗೆ ಸಿಆರ್‌ಎಲ್ ಅಂತಾರ. ವಿಪಿಎನ್ ಗೇಟ್‌ವೇ ಪ್ರತಿ ಲಾಗಿನ್‌ಗೂ ಅದನ್ನ ನೋಡಬೇಕು, ನೋಡದಿದ್ರ ಕದ್ದ ಕಾರ್ಡಿಗೂ ಬಾಗ್ಲ ತಗೀತೈತಿ. ಆ ಲಿಸ್ಟಿಗೂ ಒಂದು ಕಡೆ ದಿನ ಇರ್ತೈತಿ, ಅಷ್ಟರೊಳಗ ಹೊಸಾ ಲಿಸ್ಟ್ ಬರಬೇಕು. ನಮ್ಮಲ್ಲಿ ಗಣಪತಿ ವಿಸರ್ಜನೆ ದಿನ ಲಿಸ್ಟ್ ಹೊರಡಸೂ ಸರ್ವರ್ ಮಲಗಿತ್ತು, ಹಳೇದರ ಅವಧಿ ಮುಗೀತು, ಗೇಟ್‌ವೇ ಯಾವ ಕಾರ್ಡನ್ನೂ ನಂಬಲಿಲ್ಲ. ಆನ್‌ಕಾಲ್ ಇದ್ದವ್ರೆಲ್ಲಾ ಹೊರಗ, ಕಾರ್ಡು ಸರಿ, ಪಿನ್ನು ಸರಿ, ನೆಟ್ಟು ಸರಿ, ಸ್ಕ್ರೀನ್ ಮ್ಯಾಲೆ ಮಾತ್ರ ಸರ್ಟಿಫಿಕೇಟ್ ತಪಾಸಣೆ ಆಗಲಿಲ್ಲ ಅಂತ. ಸರ್ವರ್ ಎಬ್ಬಿಸಬೇಕಾದ ಮನುಷ್ಯನೂ ಅದ ವಿಪಿಎನ್ ಹಾದು ಹೋಗಬೇಕಲ್ಲಾ, ಅವನೂ ಹೊರಗ, ಲಕ್ಷ್ಮಿ ರೋಡ್ ಕಡೆ ಮೆರವಣಿಗಿ ನಡದಾಗ ಹಳೇ ಪುಣೆ ಪೇಠದಾಗಿಂದ ಗಾಡಿ ತಗದು ಡೇಟಾ ಸೆಂಟರ್‌ಗೆ ಹೆಂಗ ಹೋಗಬೇಕು ಹೇಳ್ರಿ. ಅದಾದ ಮ್ಯಾಲೆ ಅಡ್ಮಿನ್‌ಗಳಿಗೆ ಬ್ಯಾರೆ ದಾರಿ ಒಂದು ಮಾಡಿಟ್ಟಾರಂತ. ಇದು ಟೆಕ್ನಾಲಜಿ ತಪ್ಪಲ್ಲ, ಹಬ್ಬದ ದಿನ ಯಾರು ನೋಡವ್ರು ಅಂತ ಯಾರೂ ಕೇಳಿದ್ದಿಲ್ಲ, ಅಷ್ಟ.

ಸರ್ಟಿಫಿಕೇಟಿನ ಕಡೆ ದಿನಾನೂ ಹಂಗ. ಮುಗಿಯೂ ಮೊದಲ ಆದ್ರ ವಿಪಿಎನ್ ಮ್ಯಾಲೇ ಕುಂತಲ್ಲೇ ರಿನ್ಯೂ ಆಗ್ತೈತಿ, ಮುಗದ ಮ್ಯಾಲೆ ವಿಪಿಎನ್ನ ತಗೆಯೂದಿಲ್ಲ. ಫೋನ್ ಕ್ಯಾಲೆಂಡರಿನ್ಯಾಗ ಒಂದು ತಿಂಗಳ ಮೊದಲ ರಿಮೈಂಡರ್ ಹಾಕ್ರಿ, ಕಂಪನಿ ಮೇಲ್ ನಂಬಬ್ಯಾಡ್ರಿ. ಮ್ಯಾಲೆ ಮೈಕ್ರೋಸಾಫ್ಟ್ ಮೇ 2022ರ ಅಪ್‌ಡೇಟಿನಿಂದ ಸರ್ಟಿಫಿಕೇಟು ಮತ್ತ ಯೂಸರ್ ಅಕೌಂಟ್ ನಡುವಿನ ಜೋಡಣಿ ಬಿಗಿ ಮಾಡಾಕ ಶುರು ಮಾಡ್ತು, ಬರೇ ಹೆಸರು ಹೊಂದಿದ್ರ ಸಾಕಾಗೂದಿಲ್ಲ ಅಂತ, ಫೆಬ್ರವರಿ 2025ರಾಗ ಅದು ಡೀಫಾಲ್ಟ್ ಆಗಿ ಕಡ್ಡಾಯ ಆತು. ಹಳೇ ಕಾರ್ಡ್ ಇಟ್ಟುಕೊಂಡು ಒಮ್ಮಿಂದೊಮ್ಮೆ ಲಾಗಿನ್ ನಿಂತವ್ರು ಐಟಿಯವ್ರಿಗೆ ಇದನ್ನೂ ಒಂದು ಮಾತು ಕೇಳ್ರಿ.

ಹೊಗಳೂ ವಿಷಯಾನೂ ಐತಿ, ನನಗ ಭಾಳ ಹಿಡಿಸಿದ್ದು ರಿಮೋಟ್ ಡೆಸ್ಕ್‌ಟಾಪ್, ಅಂದ್ರ ದೂರದ ಕಂಪ್ಯೂಟರಿನ ಸ್ಕ್ರೀನನ್ನ ಇಲ್ಲೇ ಕುಂತು ನಡಸೂದು. ಕಾರ್ಡ್ ಇರೂದು ವಾಕಡದ ನನ್ನ ಟೇಬಲ್ ಮ್ಯಾಲೆ, ಲಾಗಿನ್ ಆಗೂದು ದೂರದ ಡೇಟಾ ಸೆಂಟರಿನ ಸರ್ವರ್ ಮ್ಯಾಲೆ, ಆ ಸರ್ವರಿಗೆ ಕಾರ್ಡ್ ತನ್ನ ಮೈಗೇ ಹಚ್ಚಿದಂಗ ಕಾಣಸ್ತೈತಿ, ಪಾಸ್‌ವರ್ಡ್ ಎಲ್ಲೂ ಹರದಾಡೂದಿಲ್ಲ. ಅಮೆರಿಕಾದ ಸರ್ವರಿಗೆ ಸ್ವಲ್ಪ ತಡಾ ಆಗ್ತೈತಿ, ಯಾಕಂದ್ರ ಚಿಪ್ಪಿನ ಜೋಡಿ ಮಾತುಕತಿ ಸಣ್ಣ ಸಣ್ಣ ತುಣುಕಿನ್ಯಾಗ ನಡೀತೈತಿ, ಒಂದೊಂದು ತುಣುಕೂ ಸಮುದ್ರ ದಾಟಿ ಹೋಗಿ ಬರಬೇಕು. ಚಾ ಕುಡೀರಿ, ಆಗ್ತೈತಿ.

ಫಿಶಿಂಗಿಗೂ ಇದು ಗಟ್ಟಿ. ಒಟಿಪಿ ಆದ್ರ ಸುಳ್ಳು ಪೇಜಿನ್ಯಾಗ ಟೈಪ್ ಮಾಡಿಸಿಕೊಂಡು ಅದ ಕ್ಷಣ ಖರೇ ಸೈಟಿಗೆ ಹಾಕಿ ಒಳಗ ಹೋಗವ್ರು ಅದಾರ, ಇಲ್ಲಿ ಕಳವು ಮಾಡಾಕ ಟೈಪ್ ಮಾಡಿದ್ದ ಇಲ್ಲ, ಪಿನ್ ಸಿಕ್ಕರೂ ಕಾರ್ಡ್ ಕೈಯಾಗ ಬೇಕು. ಹಂಗಂತ ಚಿಪ್ ಅಂದ್ರ ದೇವ್ರಲ್ಲ. 2017ರಾಗ ಇನ್‌ಫಿನಿಯಾನ್ ಚಿಪ್ಪಿನ ಲೈಬ್ರರಿ ಕೀ ಹುಟ್ಟಿಸೂ ರೀತ್ಯಾಗ ದೋಷ ಸಿಕ್ತು, ರೋಕಾ ಅಂತ ಹೆಸರಿಟ್ರು, ಎಸ್ಟೋನಿಯಾ ದೇಶದಾಗ ಸುಮಾರು ಏಳೂವರಿ ಲಕ್ಷ ಗುರುತಿನ ಕಾರ್ಡಿಗೆ ಅದರ ಬಿಸಿ ತಟ್ಟಿತ್ತು. ಲ್ಯಾಪ್‌ಟಾಪಿನ್ಯಾಗ ಮಾಲ್‌ವೇರ್ ಕುಂತಿದ್ರ, ಕಾರ್ಡ್ ಒಳಗ ಹಚ್ಚಿದ್ದಿದ್ರ, ಅದೂ ನಿಮ್ಮ ಹೆಸರಿನ್ಯಾಗ ಸಹಿ ಮಾಡಸ್ತೈತಿ. ಎದ್ದು ಹೋಗೂ ಮುಂದ ಕಾರ್ಡ್ ತಗೀರಿ. ತಗದ್ರ ನಮ್ಮಲ್ಲಿ ಸ್ಕ್ರೀನ್ ಲಾಕ್ ಆಗ್ತೈತಿ, ವಿಪಿಎನ್ನೂ ಕಡೀತೈತಿ, ಶುರುದಾಗ ಸಿಟ್ಟು ಬರ್ತಿತ್ತು, ಈಗ ರೂಢಿ ಆಗೈತಿ. ರೀಡರ್‌ನ್ಯಾಗ ಬಿಟ್ಟು ಆಫೀಸಿಗೆ ಹೊಂಟು ಗೇಟಿನ್ಯಾಗ ಸೆಕ್ಯುರಿಟಿ ಅಣ್ಣನ ಮುಂದ ರಜಿಸ್ಟರ್ ಬರಕೋತ ನಿಂತವ್ರು ದಿನಾ ಒಬ್ಬರಾದ್ರೂ ಕಾಣ್ತಾರ.

ಪಿನ್ ಲಾಕ್ ಆದ್ರ ಏನ ಮಾಡೂದು ಅಂತ ಎಲ್ಲಾರೂ ಕೇಳ್ತಾರ. ನಮ್ಮ ಮಗ ರೀಡರಿನ ಲೈಟ್ ನೋಡಿ ಖುಷಿಯಾಗಿ ಕೀಬೋರ್ಡ್ ಮ್ಯಾಲೆ ಕೈ ಆಡಿಸಿ ಲಾಕ್ ಮಾಡಿಬಿಟ್ಟ. ಹೆಲ್ಪ್‌ಡೆಸ್ಕಿಗೆ ಫೋನ್ ಹಚ್ಚಿದ್ರ ಅಲ್ಲಿನ ಹುಡುಗ ಹಿಂದಿ ಭಾಷಾದಾಗ ಹೇಳಿದ, ಸ್ಕ್ರೀನ್ ಮ್ಯಾಲೆ 16 ಅಕ್ಷರದ ಕೋಡ್ ಬಂದೈತಿ ಅದನ್ನ ಓದ್ರಿ, ನಾನು ತಿರಿಗಿ 16 ಅಕ್ಷರ ಹೇಳ್ತೀನಿ ಅಂತ. ಅಂಕಿ ಮತ್ತ ಎ ದಿಂದ ಎಫ್ ತನಕ ಅಕ್ಷರ, ಫೋನಿನ್ಯಾಗ ಬಿ ಯಾವುದು ಡಿ ಯಾವುದು ಗೊತ್ತಾಗೂದಿಲ್ಲ. ಬಾಯಿಗೆ ಬಂದಂಗ ಬಿ ಫಾರ್ ಬೆಳಗಾವಿ, ಡಿ ಫಾರ್ ಧಾರವಾಡ ಅಂದೆ. ಆ ಕಡೆ ಒಂದ ಸೆಕೆಂಡ್ ಸುಮ್ಮನಾಗಿ, "ಅಕ್ಕಾರ, ನೀವು ಕನ್ನಡದವ್ರೇನ್ರಿ? ನಮ್ದು ಇಂಡಿ ತಾಲೂಕರಿ" ಅಂದ. ಆಮ್ಯಾಲೆ ಸಿ ಫಾರ್ ಚಡಚಣ, ಎ ಫಾರ್ ಆಲಮೇಲ ಅಂತ ಅವನೂ ಶುರು ಮಾಡಿದ, ಎಫ್‌ಗೆ ಮಾತ್ರ ಇಬ್ಬರಿಗೂ ಊರು ಸಿಗಲಿಲ್ಲ, ಫ್ಯಾನ್ ಅಂತ ಮುಗಿಸಿದ್ವಿ. ಕಾರ್ಡ್ ತಗೀತು, ಹೊಸಾ ಪಿನ್ ಹಾಕ್ದೆ, ಆಫೀಸಿಗೆ ಹೋಗೂದು ಬರಲಿಲ್ಲ. ಈ ಒಂದು ಸೇವಾಕ್ಕ ಹತ್ತಕ್ಕ ಹತ್ತು. ಎಲ್ಲಾ ಕಾರ್ಡಿಗೂ ಈ ಸೌಲಭ್ಯ ಇರೂದಿಲ್ಲ, ನಿಮ್ಮದಕ್ಕ ಐತೋ ಇಲ್ಲೋ ಲಾಕ್ ಆಗೂಕಿಂತ ಮೊದಲ ಕೇಳಿಡ್ರಿ.

ಮ್ಯಾಕ್ ಬಳಸವ್ರಿಗೆ ಸಿಯೆರಾ ಬಂದಾಗಿಂದ, ಅಂದ್ರ 2016ರಿಂದ, ಪಿಐವಿ (ಅಮೆರಿಕಾ ಸರ್ಕಾರದ ಸ್ಮಾರ್ಟ್ ಕಾರ್ಡ್ ಸ್ಟ್ಯಾಂಡರ್ಡ್) ಜಾತಿ ಕಾರ್ಡ್ ಬ್ಯಾರೆ ಸಾಫ್ಟ್‌ವೇರ್ ಇಲ್ಲದ ನಡೀತಾವ. ಲಿನಕ್ಸ್‌ನ್ಯಾಗ ಕಾರ್ಡ್ ಓದೂ ಓಪನ್‌ಎಸ್‌ಸಿ ಮತ್ತ ವಿಪಿಎನ್ ನಡಸೂ ಓಪನ್‌ಕನೆಕ್ಟ್ ಸಾಫ್ಟ್‌ವೇರ್ ಕೂಡಿಸಿ ನಡಸೂ ಗೆಳೆಯ ಒಬ್ಬ ಅದಾನ, ಕಂಪನಿ ಸಪೋರ್ಟ್ ಇಲ್ಲ, ಅವಂಗೂ ಬೇಕಿಲ್ಲ. ಹೊಸದಾಗಿ ಶುರು ಮಾಡೂ ಕಂಪನಿ ಆದ್ರ, ಎಲ್ಲಾ ಕ್ಲೌಡ್ ಮ್ಯಾಲೇ ಇದ್ರ, ನಾನು ಈ ಕಾರ್ಡ್ ಬ್ಯಾಡ ಅಂತೀನಿ. ಫಿಡೋ2 ಕೀ (ಲಾಗಿನ್ ಸಲುವಾಗಿ ಲ್ಯಾಪ್‌ಟಾಪಿಗೆ ಸೀದಾ ಹಚ್ಚೂ ಸಣ್ಣ ಕೀಲಿ) ಇಲ್ಲಾ ಲ್ಯಾಪ್‌ಟಾಪ್ ಒಳಗಿನ ಟಿಪಿಎಂ ಅನ್ನೂ ಸೆಕ್ಯುರಿಟಿ ಚಿಪ್ಪಿನ ಮ್ಯಾಲೆ ನಡಿಯೂ ವಿಂಡೋಸ್ ಹಲೋ (ಮುಖ, ಬೆರಳು ಇಲ್ಲಾ ಪಿನ್ ಲಾಗಿನ್) ಇದ ಕೆಲ್ಸ ಕಡಿಮಿ ಗದ್ದಲದಾಗ ಮಾಡ್ತಾವ, ರೀಡರ್ ಬೇಕಿಲ್ಲ. ಹಳೇ ಡೊಮೇನು, ಮೇಲಿಗೆ ಸಹಿ, ಬಾಗ್ಲಕ್ಕೂ ಅದ ಕಾರ್ಡು ಅನ್ನೂ ನಮ್ಮಂಥಾ ಕಡೆ ಮಾತ್ರ ಇದಕ್ಕ ಇನ್ನೂ ಬೆಲಿ ಐತಿ.

ರೀಡರ್ ಬಗ್ಗೆ ಒಂದು ಮಾತು. ಕಂಪನಿ ಕೊಟ್ಟಿದ್ದರ ವಯರ್ ಲೂಸ್ ಆಗಿ ಕಾಲ್ ನಡು ಕಡೀತಿತ್ತು, ಬದಲಿ ಕೊಡಾಕ ಟಿಕೆಟ್, ಅಪ್ರೂವಲ್, ಮತ್ತೊಂದು ಟಿಕೆಟ್. ಕಾಯೂದು ಬಿಟ್ಟು ಬುಧವಾರ ಪೇಠದ ತಪಕೀರ್ ಗಲ್ಲಿಗೆ ಹೋಗಿ ಒಂದು ತಂದೆ, ಆರಾಮ ನಡದೈತಿ. ತಗೋಳ್ಳೂ ಮುಂದ ಡಬ್ಬಿ ಮ್ಯಾಲೆ ಸಿಸಿಐಡಿ (ಯುಎಸ್‌ಬಿ ಕಾರ್ಡ್ ರೀಡರಿನ ಸ್ಟ್ಯಾಂಡರ್ಡ್) ಅಂತ ಐತೇನು ನೋಡ್ರಿ, ಇದ್ರ ಡ್ರೈವರ್ ಹುಡುಕೂ ಕೆಲ್ಸ ಇಲ್ಲ. ಮೊಬೈಲ್ ಸಿಮ್ ಮತ್ತ ಮೆಮೊರಿ ಕಾರ್ಡ್ ಓದೂ ರೀಡರ್ ತೋರಿಸಿ ಇದೂ ಅದ ಅಂತಾರ, ಅಲ್ಲ, ಆಫೀಸ್ ಕಾರ್ಡ್ ಒಯ್ದು ಅಂಗಡ್ಯಾಗ ತುರುಕಿ ಚಿಪ್ಪಿಗೆ ಸರಿಯಾಗಿ ಕೂಡ್ತೈತೇನು ಅಂತ ನೋಡೇ ರೊಕ್ಕ ಕೊಡ್ರಿ. ಹಬ್ ಮೂಲಕ ಹಚ್ಚಬ್ಯಾಡ್ರಿ, ಸೀದಾ ಲ್ಯಾಪ್‌ಟಾಪಿಗೆ ಹಚ್ಚ್ರಿ. ಮತ್ತ ಮಧ್ಯಾಹ್ನ 1ರಿಂದ 4 ಹೋಗಬ್ಯಾಡ್ರಿ, ಪೇಠದಾಗ ಅಂಗಡಿ ಮುಚ್ಚಿದ್ರೂ ಮುಚ್ಚಿರ್ತಾವ.