ಬೋಧನಾ ಸಹಾಯಕರ ಗಂಟೆಗಳಿಗೆ ಒಂದು ತಂತ್ರಾಂಶ: ಎರಡು ಸೆಮಿಸ್ಟರ್ ಬಳಸಿದ ಮೇಲೆ

ನಮ್ಮ ವಿಭಾಗದಲ್ಲಿ ಬೋಧನಾ ಸಹಾಯಕರಿಗೆ, ಅಂದರೆ ಪ್ರಾಧ್ಯಾಪಕರ ಕೋರ್ಸುಗಳಲ್ಲಿ ನೆರವಾಗುವ ಸಂಶೋಧನಾ ವಿದ್ಯಾರ್ಥಿಗಳಿಗೆ, ಕೆಲಸ ಹಂಚುವ ಹೊಣೆ ನನ್ನದು. ಮೊದಲು ಇದೆಲ್ಲವೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ನಡೆಯುತ್ತಿತ್ತು. ಯಾರಿಗೆ ಯಾವ ಕೋರ್ಸು, ಒಟ್ಟು ಎಷ್ಟು ಗಂಟೆ ಎಂಬುದಷ್ಟೇ ಅದರಲ್ಲಿರುತ್ತಿತ್ತು. ಆ ಗಂಟೆಗಳು ಯಾವ ಯಾವ ಕೆಲಸಕ್ಕೆ ಹೋಗಬೇಕೆಂಬುದು ಪ್ರಾಧ್ಯಾಪಕರ ಮತ್ತು ಸಹಾಯಕರ ನಡುವಿನ ಬಾಯಿಮಾತಿಗೆ ಬಿಟ್ಟ ವಿಷಯವಾಗಿತ್ತು. ಎರಡು ಸೆಮಿಸ್ಟರ್‌ಗಳ ಹಿಂದೆ ಚಂದಾ ಕಟ್ಟಿ ಒಂದು ಆನ್‌ಲೈನ್ ತಂತ್ರಾಂಶವನ್ನು ತಂದುಕೊಂಡೆವು. ಇಂಥದ್ದನ್ನು ಆರಿಸುವವರು ಏನನ್ನು ಪರೀಕ್ಷಿಸಿ ನೋಡಬೇಕು ಎಂಬುದು ಅದರ ಹೆಸರಿಗಿಂತ ಮುಖ್ಯವಾದ್ದರಿಂದ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಇದರ ದೊಡ್ಡ ಗುಣವೆಂದರೆ, ಸೆಮಿಸ್ಟರ್ ಆರಂಭವಾಗುವ ಮೊದಲೇ ಕೆಲಸವನ್ನು ಬಿಡಿಬಿಡಿಯಾಗಿ ಬರೆಯುವಂತೆ ಪ್ರಾಧ್ಯಾಪಕರನ್ನು ಒತ್ತಾಯಿಸುವುದು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ತರಬೇತಿ, ಪೂರ್ವಸಿದ್ಧತೆ, ವಿದ್ಯಾರ್ಥಿಗಳೊಂದಿಗಿನ ಸಮಯ, ಮೌಲ್ಯಮಾಪನ ಎಂದು ಗಂಟೆಗಳನ್ನು ವಿಂಗಡಿಸುವ ನಮೂನೆಯೊಂದು ಬಳಕೆಯಲ್ಲಿದೆ. ಅವಧಿಯ ನಡುವೆ ಅದನ್ನು ಮರುಪರಿಶೀಲಿಸುವುದೂ ಆ ಪದ್ಧತಿಯ ಭಾಗ. ನಮ್ಮ ತಂತ್ರಾಂಶವೂ ಅದೇ ದಾರಿ ಹಿಡಿದಿದೆ. ಒಂದು ಕೋರ್ಸಿನ ಲೆಕ್ಕವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ, ಏಕೆಂದರೆ ಈ ವಿಂಗಡಣೆಯ ಬೆಲೆ ಲೆಕ್ಕ ಮಾಡಿದಾಗಲೇ ತಿಳಿಯುತ್ತದೆ.

ಕೋರ್ಸಿನಲ್ಲಿ 120 ವಿದ್ಯಾರ್ಥಿಗಳು, ಮೂವರು ಸಹಾಯಕರು, ಒಬ್ಬೊಬ್ಬರಿಗೆ ವಾರಕ್ಕೆ 10 ಗಂಟೆಯಂತೆ 14 ವಾರಗಳಿಗೆ 140 ಗಂಟೆ. ಪ್ರತಿಯೊಬ್ಬರ ಪಾಲಿಗೆ 40 ವಿದ್ಯಾರ್ಥಿಗಳು. ನಾಲ್ಕು ಅಸೈನ್‌ಮೆಂಟ್‌ಗಳನ್ನು ತಲಾ 15 ನಿಮಿಷದಂತೆ ತಿದ್ದಲು 40 ಗಂಟೆ. ಮಧ್ಯಾವಧಿ ಪರೀಕ್ಷೆಯ ಉತ್ತರಪತ್ರಿಕೆಗಳಿಗೆ ತಲಾ 20 ನಿಮಿಷದಂತೆ 13 ಗಂಟೆ 20 ನಿಮಿಷ. ಅಂತಿಮ ಪರೀಕ್ಷೆಗೆ ತಲಾ ಅರ್ಧ ಗಂಟೆಯಂತೆ 20 ಗಂಟೆ. ಟ್ಯುಟೋರಿಯಲ್‌ಗೆ 12, ಅದರ ಪೂರ್ವಸಿದ್ಧತೆಗೆ 18, ವಿದ್ಯಾರ್ಥಿಗಳು ಬಂದು ಕೇಳುವ ಸಮಯಕ್ಕೆ 12, ಸಭೆಗಳಿಗೆ 7, ತರಬೇತಿಗೆ 4, ಇಮೇಲ್‌ಗೆ 7, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ 5. ಒಟ್ಟು 138 ಗಂಟೆ 20 ನಿಮಿಷ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಅರ್ಧಕ್ಕಿಂತ ಹೆಚ್ಚು ಪಾಲು ಮೌಲ್ಯಮಾಪನಕ್ಕೇ ಹೋಗುತ್ತಿರುವುದರಿಂದ, ಒಂದು ಅಸೈನ್‌ಮೆಂಟ್ ತಿದ್ದಲು ಎಷ್ಟು ನಿಮಿಷ ಬೇಕೆಂಬ ಊಹೆ ತಪ್ಪಿದರೆ ಇಡೀ ಲೆಕ್ಕವೇ ತಪ್ಪುತ್ತದೆ. ನಮ್ಮಲ್ಲಿ ಹಾಗೆಯೇ ಆಯಿತು. ಪ್ರತಿ ಉತ್ತರಕ್ಕೂ ವಿವರವಾದ ಟಿಪ್ಪಣಿ ಬರೆಯಬೇಕೆಂದು ಪ್ರಾಧ್ಯಾಪಕರು ಬಯಸಿದ್ದರಿಂದ 15 ನಿಮಿಷವಿದ್ದದ್ದು 22 ಆಯಿತು. ಹಾಗೆಯೇ ಮುಂದುವರಿದಿದ್ದರೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರದೂ 157 ಗಂಟೆಗಳಾಗುತ್ತಿದ್ದವು.

ಮೊದಲ ಅಸೈನ್‌ಮೆಂಟ್ ಮುಗಿದ ಕೂಡಲೇ ತಂತ್ರಾಂಶ ಈ ವ್ಯತ್ಯಾಸವನ್ನು ತೋರಿಸಿತು ಎಂಬುದನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಎರಡನೆಯದನ್ನು ತಿದ್ದಿ ಮುಗಿಸುವುದರೊಳಗೆ ನಾವು ಕುಳಿತು ಮಾತನಾಡಿದೆವು. ಮೂರನೆಯದರಿಂದ ಎರಡು ಪ್ರಶ್ನೆಗಳಿಗೆ ಮಾತ್ರ ವಿವರವಾದ ಟಿಪ್ಪಣಿ, ಉಳಿದವುಗಳಿಗೆ ಮಾದರಿ ಉತ್ತರ ಎಂದು ಪ್ರಾಧ್ಯಾಪಕರು ಒಪ್ಪಿಕೊಂಡರು. ತಿದ್ದುವ ಸಮಯ 12 ನಿಮಿಷಕ್ಕೆ ಇಳಿಯಿತು. ಕೊನೆಗೆ 140ರ ಮೇಲೆ ಉಳಿದ 3 ಗಂಟೆ 40 ನಿಮಿಷಕ್ಕೆ ಹೆಚ್ಚುವರಿ ವೇತನ ಮಂಜೂರಾಯಿತು. ಹಳೆಯ ಪದ್ಧತಿಯಲ್ಲಿ 140ನ್ನು ಮೀರುತ್ತಿದ್ದ ತಲಾ 17 ಗಂಟೆಗಳು ಯಾರ ಕಣ್ಣಿಗೂ ಬೀಳದೆ ಮೂವರು ಸಂಶೋಧನಾ ವಿದ್ಯಾರ್ಥಿಗಳ ರಾತ್ರಿಗಳಲ್ಲಿ ಕರಗಿಹೋಗುತ್ತಿದ್ದವು. ನಾನೂ ಒಂದು ಕಾಲಕ್ಕೆ ಅದೇ ಕೆಲಸ ಮಾಡಿದವಳಾದ್ದರಿಂದ ಇದನ್ನು ಸಣ್ಣ ಸಂಗತಿಯೆಂದು ಬದಿಗಿಡಲಾರೆ.

ದೋಷಗಳೂ ಗಂಭೀರವಾಗಿವೆ. ತಂತ್ರಾಂಶ ಒಟ್ಟು ಗಂಟೆಯನ್ನು ಕಾಯುತ್ತದೆಯೇ ಹೊರತು ವಾರವನ್ನು ಕಾಯುವುದಿಲ್ಲ. ಬೋಧನಾ ಸಹಾಯಕರ ಕೆಲಸ ಸಮವಾಗಿ ಹರಿಯುವಂಥದ್ದಲ್ಲ. ಪರೀಕ್ಷೆಯ ವಾರದಲ್ಲಿ ಉಕ್ಕಿ, ಮುಂದಿನ ವಾರ ಇಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಸಹಾಯಕರ ಸಂಘದೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಶೇ. 50ರ (ಅರ್ಧಕಾಲಿಕ) ನೇಮಕಾತಿಗೆ ಸೆಮಿಸ್ಟರ್‌ಗೆ 340 ಗಂಟೆಗಳ ಮಿತಿಯ ಜೊತೆಗೆ, ಯಾವ ವಾರವೂ 40 ಗಂಟೆ ಮೀರಬಾರದು, ವಾರಕ್ಕೆ 20ನ್ನು ಮೀರಿದ ಗಂಟೆಗಳೆಲ್ಲ ಸೇರಿ ಸೆಮಿಸ್ಟರ್‌ನಲ್ಲಿ 77 ದಾಟಬಾರದು ಎಂದೂ ಇರುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಓದುವವರು ತರಗತಿಗಳು ನಡೆಯುತ್ತಿರುವಾಗ ಕ್ಯಾಂಪಸ್ಸಿನೊಳಗೂ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅಂಥವರ ಪಾಲಿಗೆ ವಾರದ ಲೆಕ್ಕ ತಪ್ಪುವುದೆಂದರೆ ವೀಸಾಕ್ಕೇ ಕುತ್ತು. ಇಂತಹ ಮಿತಿಗಳನ್ನು ತುಂಬಿಡಲು ಈ ತಂತ್ರಾಂಶದಲ್ಲಿ ಜಾಗವೇ ಇಲ್ಲ.

ಎರಡನೆಯ ದೋಷ ನನ್ನನ್ನು ಹೆಚ್ಚು ಕಾಡಿದ್ದು. ಸಹಾಯಕರು ತುಂಬುವ ಟೈಮ್‌ಶೀಟ್ ನೇರವಾಗಿ ಆ ಕೋರ್ಸಿನ ಪ್ರಾಧ್ಯಾಪಕರ ಒಪ್ಪಿಗೆಗೆ ಹೋಗುತ್ತದೆ. ಅನೇಕ ಸಂದರ್ಭಗಳಲ್ಲಿ ಅವರೇ ಆ ವಿದ್ಯಾರ್ಥಿಯ ಸಂಶೋಧನಾ ಮಾರ್ಗದರ್ಶಕರೂ ಆಗಿರುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲಿ ಹೊಸಬರ ಟೈಮ್‌ಶೀಟ್‌ಗಳು ವಾರವಾರವೂ ಸರಿಯಾಗಿ ಹತ್ತೇ ಗಂಟೆ ತೋರಿಸುತ್ತಿದ್ದುದನ್ನು ಕಂಡು ಅನುಮಾನ ಬಂದು ಕೇಳಿದೆ. ಹೆಚ್ಚು ಬರೆದರೆ ತಮಗೆ ಕೆಲಸ ಮಾಡಲು ಬರುವುದಿಲ್ಲವೆಂದು ಪ್ರಾಧ್ಯಾಪಕರು ತಿಳಿದುಕೊಂಡಾರು ಎಂಬ ಅಂಜಿಕೆಯಿಂದ ಅವರು ಕಡಿಮೆ ಬರೆಯುತ್ತಿದ್ದರು. ಸುಳ್ಳು ಗಂಟೆಗಳ ಮೇಲೆ ಎಷ್ಟು ಚೆಂದದ ನಕ್ಷೆ ಬಿಡಿಸಿದರೂ ಪ್ರಯೋಜನವಿಲ್ಲ. ಎರಡನೆಯ ಸೆಮಿಸ್ಟರ್‌ನಿಂದ ಒಪ್ಪಿಗೆಯ ಅಧಿಕಾರವನ್ನು ನನ್ನ ಖಾತೆಗೆ ವರ್ಗಾಯಿಸಿ, ಪ್ರಾಧ್ಯಾಪಕರಿಗೆ ಮೂವರ ಸರಾಸರಿ ಮಾತ್ರ ಹೋಗುವಂತೆ ಮಾಡಿಕೊಂಡೆ. ಇದಕ್ಕಾಗಿ ಪ್ರತಿ ವಾರ ಸರಾಸರಿಯನ್ನು ಕೈಯಾರೆ ತೆಗೆದು ಕಳುಹಿಸಬೇಕಾಗುತ್ತದೆ, ಆದರೂ ನಮೂದುಗಳು ನಂಬುವಂತಾದವು.

ಒಂದೇ ಕೋರ್ಸಿನ ಎರಡು ತಂಡಗಳನ್ನು ನಡೆಸುವವರಿಗೆ ಪೂರ್ವಸಿದ್ಧತೆಯನ್ನು ಎರಡು ಸಲ ಎಣಿಸುವ ತಪ್ಪೂ ಇದೆ. ಅದನ್ನು ಕೈಯಿಂದ ತಿದ್ದಬಹುದು. ಮೊಬೈಲ್‌ನಲ್ಲಿ ನಮೂದಿಸುವುದು ಸುಲಭ, ವೇತನ ವಿಭಾಗಕ್ಕೆ ಬೇಕಾದ ಪಟ್ಟಿ ತೊಂದರೆಯಿಲ್ಲದೆ ಹೊರಬರುತ್ತದೆ.

ಐದು ನಕ್ಷತ್ರಗಳಲ್ಲಿ ಮೂರನ್ನು ಕೊಡುತ್ತೇನೆ, ಮುಂದಿನ ವರ್ಷದ ಚಂದಾ ಕಟ್ಟಲೂ ಶಿಫಾರಸು ಮಾಡಿದ್ದೇನೆ. ಕೊಳ್ಳುವ ಮುನ್ನ ಪ್ರಾಯೋಗಿಕ ಖಾತೆಯಲ್ಲಿ ನಿಮ್ಮ ಅತ್ಯಂತ ಭಾರವಾದ ಕೋರ್ಸಿನ ಪರೀಕ್ಷಾ ವಾರವನ್ನು ತುಂಬಿ ನೋಡಿ, ಸಹಾಯಕರೊಬ್ಬರ ಖಾತೆಯಿಂದ ಒಳಹೊಕ್ಕು ಅವರ ನಮೂದು ಯಾರ ಯಾರ ಪರದೆಯ ಮೇಲೆ ಕಾಣುತ್ತದೆ ಎಂಬುದನ್ನೂ ಪರೀಕ್ಷಿಸಿ. ನಾವು ಈ ಎರಡನೆಯದನ್ನು ಮಾಡದೆ ಒಂದು ಸೆಮಿಸ್ಟರ್‌ನ ನಿಜವಾದ ಲೆಕ್ಕವನ್ನು ಕಳೆದುಕೊಂಡೆವು.