ಕ್ರಾಫರ್ಡ್ ಮಾರ್ಕೆಟ್ಟಿನ 3 ಲೀಟರ್ ಡ್ರಿಂಕರ್: ರೇಸ್ ಪಾರಿವಾಳಕ್ಕೆ ಆದೀತೇ?

ಮುಂಬೈಯಲ್ಲಿ ಹೋಮರ್ (ರೇಸ್ ಪಾರಿವಾಳ) ಸಾಕುವವರು ನೀರಿಗೆ ಇಡುವುದು ಹೆಚ್ಚಾಗಿ ಕೋಳಿಫಾರಂಗೆಂದು ಮಾಡಿದ ಪ್ಲಾಸ್ಟಿಕ್ ಡ್ರಿಂಕರ್. ಕೆಳಗೆ ಕೆಂಪು ತಟ್ಟೆ, ಮೇಲೆ ಬೋರಲು ಹಾಕುವ ಬಿಳಿ ಜಾರ್. ಕ್ರಾಫರ್ಡ್ ಮಾರ್ಕೆಟ್ಟಿನ ಹಕ್ಕಿ ಅಂಗಡಿಗಳಲ್ಲಿ ಕಂಪನಿ ಹೆಸರಿಲ್ಲದ ಮಾಲು ಚಿಕ್ಕದು ದೊಡ್ಡದು ಎಲ್ಲ ಸಿಗುತ್ತದೆ. ಇದರಲ್ಲಿ 3 ಲೀಟರಿನದು ಪಾರಿವಾಳಕ್ಕೆ ಆಗುತ್ತದೆ, ಆದರೆ ತಟ್ಟೆಯ ಆಳ ಮತ್ತು ಜಾರಿನ ಬಾಯಿ ನೋಡಿ ತರಬೇಕು. ಕಣ್ಣು ಮುಚ್ಚಿ ತಂದರೆ ದುಡ್ಡು ದಂಡ.

ಕೋಳಿ ನೀರನ್ನು ಕೊಕ್ಕಿನಲ್ಲಿ ಮೊಗೆದು, ತಲೆ ಎತ್ತಿ ನುಂಗುತ್ತದೆ. ಪಾರಿವಾಳ ಕೊಕ್ಕನ್ನು ಮೂಗಿನ ಬುಡದವರೆಗೆ ಮುಳುಗಿಸಿ, ತಲೆ ಎತ್ತದೆ ಒಂದೇ ಸಮ ಹೀರುತ್ತದೆ. ಹಾಗಾಗಿ ಕೋಳಿಮರಿಗೆಂದು ಮಾಡಿದ ತೆಳು ತಟ್ಟೆ ಇದಕ್ಕೆ ಸಾಲದು. ಅಂಗಡಿಯಲ್ಲೇ ನೀರು ತುಂಬಿಸಿ ಬೋರಲು ಇಡಿಸಿ, ತಟ್ಟೆಯಲ್ಲಿ ತೋರುಬೆರಳಿನ ಮೊದಲ ಗೆಣ್ಣು ಮುಳುಗುತ್ತದೆಯೇ ನೋಡಿ. ಅಂದರೆ ಸುಮಾರು 2.5 ಸೆಂ.ಮೀ. ಅಂಗಡಿಯವ ಮುಖ ಸಿಂಡರಿಸಿದರೂ ಐದು ನಿಮಿಷ ಹಾಗೇ ಬಿಡಿ. ಜಾರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಒಳಗೆ ಹೋಗಿ ನೀರೆಲ್ಲ ಆಚೆ ಬರುತ್ತದೆ, ಆಗ ಅಲ್ಲೇ ಗೊತ್ತಾಗುತ್ತದೆ.

ಅದಕ್ಕಿಂತ ಮುಖ್ಯ ಜಾರಿನ ಬಾಯಿ. ಮುಷ್ಟಿ ಒಳಗೆ ಹೋಗಬೇಕು. ಹೋಗದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಎರಡು ದಿನ ತಿಕ್ಕದೆ ಬಿಟ್ಟ ಜಾರಿನ ಒಳಗೋಡೆ ಸವರಿ ನೋಡಿ, ಕೈಗೆ ಲೋಳೆ ಹತ್ತುತ್ತದೆ. ಬರೀ ನೀರು ಅಲುಗಾಡಿಸಿ ಚೆಲ್ಲಿದರೆ ಅದು ಬಿಡುವುದಿಲ್ಲ. ಬಾಯಿಯ ತಿರುಗಣೆಯ ಸಂದಿಯಲ್ಲಂತೂ ಹಳೆಯ ಹಲ್ಲುಜ್ಜುವ ಬ್ರಷ್ಷೇ ಆಗಬೇಕು. ಗೂಡಿನಲ್ಲಿ ಕ್ಯಾಂಕರ್ ಎಂಬ ಗಂಟಲ ರೋಗ ಹರಡುವ ದಾರಿಗಳಲ್ಲಿ ಈ ತಟ್ಟೆಯೂ ಒಂದು: ರೋಗ ಹೊತ್ತ ಹಕ್ಕಿಯ ಎಂಜಲಿನಿಂದ ಟ್ರೈಕೊಮೊನಾಸ್ ಎಂಬ ಸೂಕ್ಷ್ಮಜೀವಿ ನೀರಿಗೆ ಇಳಿದು, ಹಿಂದೆಯೇ ಕುಡಿಯುವ ಹಕ್ಕಿಗೆ ದಾಟುತ್ತದೆ. ಮರಿಗಳ ಗಂಟಲಲ್ಲಿ ಗಿಣ್ಣಿನಂಥ ಹಳದಿ ಗಡ್ಡೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಈ ಜೀವಿ ಒಣಗಿದರೆ ಸಾಯುತ್ತದೆ. ಆದ್ದರಿಂದ ಒಂದು ದೊಡ್ಡ ಡ್ರಿಂಕರ್ ಬದಲು 3 ಲೀಟರಿನವು ಎರಡು ಕೊಳ್ಳಿ. ಇವತ್ತು ಒಂದು ಗೂಡಿನಲ್ಲಿ, ಇನ್ನೊಂದು ತಿಕ್ಕಿಸಿಕೊಂಡು ಬಿಸಿಲಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲೆಲ್ಲಿ ಬರಬೇಕು! ಆಗ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗಿಡುವುದೇ ಗತಿ.

10 ಲೀಟರಿನದು ಯಾಕೆ ಬೇಡ? ಒಂದು ಹಕ್ಕಿ ದಿನಕ್ಕೆ ಕುಡಿಯುವುದು ಸುಮಾರು 50 ಮಿ.ಲೀ. 20 ಹಕ್ಕಿಗೆ 1 ಲೀಟರ್. ಏಪ್ರಿಲ್–ಮೇ ಸೆಕೆಯಲ್ಲಿ, ಮರಿಗೆ ಉಣಿಸುವಾಗ ಎರಡು ಪಟ್ಟು ಹಿಡಿಯಿರಿ. ಮಿಕ್ಕಿದ್ದು ನಿಂತ ನೀರು. ದೊಡ್ಡ ಜಾರ್ ಇದ್ದರೆ ನಾಳೆ ತೊಳೆದರಾಯಿತು ಅನ್ನಿಸುವುದೂ ಸಹಜ.

ಟೆರೇಸಿನಲ್ಲಿ ಈ ಡ್ರಿಂಕರ್ ತೊಂದರೆ ಕೊಡುವುದು ಇನ್ನೆರಡು ಕಡೆ. ಮಳೆನೀರು ಹರಿಯಲೆಂದು ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಅಲ್ಲಿ ನೇರ ಇಟ್ಟರೆ ತಟ್ಟೆ ಒಂದು ಬದಿಯಿಂದ ಸುರಿಯುತ್ತದೆ. ಎರಡು ಇಟ್ಟಿಗೆ, ಮೇಲೊಂದು ಪ್ಲೈವುಡ್ ತುಂಡು ಇಟ್ಟು, ಸಂದಿಗೆ ಚಕ್ಕೆ ತುರುಕಿ ಮಟ್ಟ ಮಾಡಿ. ಎತ್ತರಕ್ಕೆ ಬಂದರೆ ನೆಲದ ಧೂಳು, ಪುಕ್ಕವೂ ಬೀಳುವುದಿಲ್ಲ. ಇನ್ನೊಂದು, ಮಧ್ಯಾಹ್ನದ ಬಿಸಿಲು. ಅರ್ಧ ಖಾಲಿಯಾದ ಜಾರಿನೊಳಗಿನ ಗಾಳಿ ಕಾದು ಹಿಗ್ಗಿ ನೀರನ್ನು ಹೊರಗೆ ತಳ್ಳುತ್ತದೆ. ಡ್ರಿಂಕರ್ ಸೋರುತ್ತಿದೆ ಎಂದು ವಾಪಸ್ ಕೊಡಲು ಹೋಗುವ ಮುಂಚೆ ನೆರಳಿಗೆ ಸರಿಸಿ ನೋಡಿ. ನೆಲ ಒದ್ದೆಯಾದರೆ ಹಿಕ್ಕೆಯಲ್ಲಿರುವ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಗೆ ಬೆಳೆಯಲು ಬೇಕಾದ ತೇವ ಸಿಕ್ಕಂತಾಯಿತು. ನೆರಳಿನಲ್ಲಿದ್ದರೆ ಪಾಚಿಯೂ ಕಡಿಮೆ.

ಜಾರಿನ ನೆತ್ತಿ ಗುಂಡಗಿದ್ದರೂ ಹಕ್ಕಿ ಅದರ ಮೇಲೆ ಕೂರುತ್ತದೆ, ಹಿಕ್ಕೆ ನೇರ ತಟ್ಟೆಗೆ. ಇದು ಈ ಮಾಲಿನ ದೊಡ್ಡ ಕೊರತೆ. ಪಾರಿವಾಳಕ್ಕೆಂದೇ ಬರುವ, ತಟ್ಟೆಯ ಸುತ್ತ ಮುಚ್ಚಳವಿದ್ದು ತಲೆ ತೂರಿಸಲು ಕಿಂಡಿಗಳಿರುವ ಡ್ರಿಂಕರ್ ಸಿಕ್ಕರೆ ಅದೇ ಮೇಲು. ಕಿಂಡಿಯ ಅಂಚು ಚೂಪಾಗಿದ್ದರೆ ಮರಳು ಕಾಗದದಲ್ಲಿ ಉಜ್ಜಿ. ನಮ್ಮವರ ಹೋಟೆಲುಗಳಿಂದ ಬರುವ ಎಣ್ಣೆ ಡಬ್ಬ ಕತ್ತರಿಸಿ ನೀರಿಡುವ ರೂಢಿ ಬಿಡುವುದು ಒಳ್ಳೆಯದು, ತುಕ್ಕು ಹಿಡಿದ ಮೇಲೆ ಅದನ್ನು ಶುಚಿ ಮಾಡುವುದು ಆಗದ ಮಾತು.

ತೊಳೆಯಲು ದಿನಾ ಬ್ರಷ್ ಸಾಕು. ವಾರಕ್ಕೊಮ್ಮೆ, ಮೊದಲು ಲೋಳೆ ತಿಕ್ಕಿ ತೆಗೆದು, ಆಮೇಲೆ ಮನೆಬಳಕೆಯ ಬ್ಲೀಚ್ ದ್ರಾವಣ 10 ಮಿ.ಲೀ. ಒಂದು ಲೀಟರ್ ನೀರಿಗೆ ಬೆರೆಸಿ 20 ನಿಮಿಷ ನೆನೆಹಾಕಿ. ಕೊಳೆ ಇದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿ ಹೋಗುತ್ತದೆ. ವಾಸನೆ ಹೋಗುವವರೆಗೆ ಜಾಲಿಸಿ ಒಣಗಿಸಿ. ಪುಣೆಯ ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ಅಂಚಿಗೆ ಬಿಳಿ ಸುಣ್ಣ ಕಟ್ಟಿದರೆ ವಿನೆಗರ್ ಹಚ್ಚಿ ತೆಗೆಯಿರಿ, ಆದರೆ ಬ್ಲೀಚ್ ಹಾಕಿದ ದಿನವಲ್ಲ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಕುಡಿಯುವ ನೀರಿಗೆ ಆ್ಯಪಲ್ ಸೈಡರ್ ವಿನೆಗರ್ ಹಾಕುವವರು ಲೀಟರಿಗೆ 5 ಮಿ.ಲೀ. ದಾಟಬೇಡಿ. ಈ ಪ್ಲಾಸ್ಟಿಕ್ಕಿನಲ್ಲಿ ಚಿಂತೆಯಿಲ್ಲ, ಜಿಐ (ಸತು ಲೇಪಿಸಿದ) ತಗಡಿನ ಪಾತ್ರೆಯಲ್ಲಾದರೆ ಹುಳಿಗೆ ಸತು ಬಿಡುತ್ತದೆ.

ಮುನಿಸಿಪಾಲಿಟಿ ನೀರೇ ಸಾಕು, ಆರ್‌ಒ ಬೇಕಿಲ್ಲ. ಕೆಡುವುದು ಸೊಸೈಟಿಯ ಟ್ಯಾಂಕಿನಲ್ಲಿ. ಮುಚ್ಚಳ ಸರಿಯಿಲ್ಲದ ಟ್ಯಾಂಕಿಗೆ ಕಾಡು ಪಾರಿವಾಳಗಳ ಹಿಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ನೀರು ಕದಡಿ ಬಂದರೆ ಕುದಿಸಿ ಆರಿಸಿ ಕೊಡಿ. ರಾತ್ರಿ ಡ್ರಿಂಕರ್ ಎತ್ತಿಡಿ, ಇಲಿ ಬರುತ್ತದೆ. ಸ್ನಾನದ ತಟ್ಟೆಯನ್ನೂ ಮಿಂದ ಕೂಡಲೇ ಎತ್ತಬೇಕು. ಇಲ್ಲದಿದ್ದರೆ ಡ್ರಿಂಕರಿನಲ್ಲಿ ಔಷಧಿ ಹಾಕಿದ ದಿನ ಹಕ್ಕಿಗಳು ಆ ಕೊಳೆ ನೀರನ್ನೇ ಕುಡಿದು ಬಂದಿರುತ್ತವೆ.

ರೇಸಿಗೆ ಬಿಡುವವರಿಗೆ ಈ ಡ್ರಿಂಕರ್ ಒಂದೇ ಸಾಲದು. ಬುಟ್ಟಿಯಲ್ಲಿ ಸಾಗಿಸುವಾಗ ನೀರು ಸಿಗುವುದು ಹೊರಗೆ ಸಿಕ್ಕಿಸಿದ ಉದ್ದನೆಯ ತೊಟ್ಟಿಯಿಂದ. ಗೂಡಿನ ಜಾರಿಗಷ್ಟೇ ಒಗ್ಗಿದ ಎಳೆ ಹಕ್ಕಿ ಸಲಾಕೆಗಳ ನಡುವೆ ತಲೆ ಹಾಕಿ ಕುಡಿಯಲು ತಿಳಿಯದೆ, ಬಾಯಾರಿಕೊಂಡೇ ಹಾರಲು ಹೊರಡುತ್ತದೆ. ರೇಸಿಗೆ ಮುಂಚೆ ಒಂದೆರಡು ರಾತ್ರಿ ಬುಟ್ಟಿಯಲ್ಲೇ ಮಲಗಿಸಿ, ಬೆಳಿಗ್ಗೆ ತೊಟ್ಟಿಯಿಂದ ಮಾತ್ರ ನೀರು ಕೊಡಿ. ಮೊದಲೇ ಕಲಿತ ಹಳೆ ಹಕ್ಕಿಯೊಂದನ್ನು ಜೊತೆಗೆ ಹಾಕಿದರೆ ಬೇಗ ಕಲಿಯುತ್ತವೆ.