ಐಸಿಎಂಆರ್‌ನ ಎಸ್‌ಟಿಎಸ್: ಎರಡು ತಿಂಗಳಲ್ಲಿ ಮುಗಿಯುವ ಪ್ರಶ್ನೆ ಇದ್ದರೆ ಅರ್ಜಿ ಹಾಕಿ

ಎಂಡಿ, ಎಂಎಸ್ ಓದುವವರಿಗೆ ಥೀಸಿಸ್ ಬರೆಯದೆ ಗತಿಯಿಲ್ಲ. ಎಂಬಿಬಿಎಸ್‌ನಲ್ಲಿ ಅಂಥ ಒತ್ತಾಯವಿಲ್ಲ. ಅಲ್ಲಿ ಸಂಶೋಧನೆಯ ರುಚಿ ಹತ್ತಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಲ್ಲೇ ಶುರುಮಾಡಿದ ಯೋಜನೆ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್, ಎಲ್ಲರ ಬಾಯಲ್ಲಿ ಎಸ್‌ಟಿಎಸ್. ಎಂಬಿಬಿಎಸ್ ಅಥವಾ ಬಿಡಿಎಸ್ ವಿದ್ಯಾರ್ಥಿ ತನ್ನ ಕಾಲೇಜಿನ ಒಬ್ಬ ಅಧ್ಯಾಪಕರ (ಇವರೇ ಗೈಡ್) ಕೈಕೆಳಗೆ ಎರಡು ತಿಂಗಳು ಅಧ್ಯಯನ ನಡೆಸಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಪ್ರಮಾಣಪತ್ರ ಸಿಗುತ್ತದೆ, ಇತ್ತೀಚಿನ ಸುತ್ತುಗಳಲ್ಲಿ 50,000 ರೂಪಾಯಿಯೂ ಸಿಕ್ಕಿದೆ. ಇಂಟರ್ನಿಗಳಿಗೆ ಅವಕಾಶವಿಲ್ಲ.

ಯೋಜನೆಯ ದೊಡ್ಡ ಗುಣ ಹಣವಲ್ಲ, ಅದು ಕಲಿಸುವ ಶಿಸ್ತು. ಅರ್ಜಿಯೊಂದಿಗೆ ಕೊಡುವ ಸಂಶೋಧನಾ ಪ್ರಸ್ತಾವನೆಯೊಳಗೆ ವಿದ್ಯಾರ್ಥಿ, ಗೈಡ್, ಕಾಲೇಜಿನ ಹೆಸರು ಎಲ್ಲೂ ಕಾಣಬಾರದು. ಹೀಗಾಗಿ ದೊಡ್ಡ ಕಾಲೇಜು, ಸಣ್ಣ ಕಾಲೇಜು ಎನ್ನದೆ ಬರವಣಿಗೆಯನ್ನಷ್ಟೇ ನೋಡುತ್ತಾರೆ. ವಿಧಾನದ ಭಾಗದಲ್ಲಿ ‘ನಮ್ಮ ಇಂಥ ಆಸ್ಪತ್ರೆಯ ಒಪಿಡಿಯಲ್ಲಿ’ (ಹೊರರೋಗಿ ವಿಭಾಗದಲ್ಲಿ) ಎಂದು ಮೈಮರೆತು ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ‘ಒಂದು ಬೋಧಕ ಆಸ್ಪತ್ರೆಯಲ್ಲಿ’ ಎಂದರೆ ಸಾಕು.

ಹೆಚ್ಚಿನವರು ಎಡವುವುದು ಸ್ಯಾಂಪಲ್ ಲೆಕ್ಕದಲ್ಲಿ, ಅಂದರೆ ಎಷ್ಟು ಜನರನ್ನು ಅಧ್ಯಯನಕ್ಕೆ ತೆಗೆದುಕೊಳ್ಳಬೇಕು ಎಂಬಲ್ಲಿ. ಒಂದು ತೊಂದರೆ 30% ಜನರಲ್ಲಿದೆ ಎಂದು ಹಿಂದಿನ ಅಧ್ಯಯನ ಹೇಳಿದೆ ಅನ್ನಿ. ಉತ್ತರ ಅದರಿಂದ ಆಚೀಚೆ 5 ಶೇಕಡಾ ಅಂಕದೊಳಗೆ ನಿಖರವಾಗಿರಬೇಕೆಂದರೆ, ರೂಢಿಯ ಸೂತ್ರದಂತೆ 4 × 30 × 70 ÷ (5 × 5), ಅಂದರೆ 336 ಜನ. ವಾರಕ್ಕೆ ಆರು ದಿನದಂತೆ ಎಂಟು ವಾರವೂ ಕೂತರೆ ದಿನಕ್ಕೆ ಏಳು ಜನರ ಸಂದರ್ಶನ, ಕ್ಲಾಸು, ಪೋಸ್ಟಿಂಗ್ ಎಲ್ಲದರ ನಡುವೆ. ಆಗುವುದಿಲ್ಲ. ನಿಖರತೆಯನ್ನು 10 ಶೇಕಡಾ ಅಂಕಕ್ಕೆ ಸಡಿಲಿಸಿದರೆ 84 ಜನ ಸಾಕು, ಆದರೆ ಫಲಿತಾಂಶವನ್ನೂ ಅಷ್ಟೇ ಸಡಿಲವಾಗಿ ಓದಬೇಕು. 336ಕ್ಕೆ ಲೆಕ್ಕ ಹಾಕಿ 90ಕ್ಕೆ ನಿಲ್ಲಿಸುವುದಕ್ಕಿಂತ ಮೊದಲೇ 84 ಎಂದು ಕಾರಣ ಸಮೇತ ಬರೆಯುವುದು ಪ್ರಾಮಾಣಿಕ.

ಅಧ್ಯಯನಕ್ಕೆ ನೈತಿಕ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅದರಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅಧ್ಯಕ್ಷರು ಹೊರಗಿನವರಾಗಿರಬೇಕು. ಸಭೆ ಬೇಕೆಂದಾಗ ಕೂಡುವುದಿಲ್ಲ. ಅಪಾಯ ತೀರಾ ಕಡಿಮೆಯಿರುವ ಅಧ್ಯಯನಕ್ಕೆ ತ್ವರಿತ ಪರಿಶೀಲನೆಯ ದಾರಿ ಇದೆ, ಆದರೆ ಅದನ್ನು ಕಮಿಟಿಯೇ ತೀರ್ಮಾನಿಸಬೇಕು. ಅನುಮತಿಗೆ ಮೊದಲು ಒಬ್ಬ ರೋಗಿಯ ಮಾಹಿತಿಯನ್ನೂ ತೆಗೆದುಕೊಳ್ಳುವಂತಿಲ್ಲ.

ಪ್ರಶ್ನಾವಳಿಯನ್ನು ಮೊದಲು ಹತ್ತು ಜನರಿಗೆ ಕೇಳಿ ನೋಡಿ. ‘ನಿಮಗೆ ಮಧುಮೇಹವಿದೆಯೇ?’ ಎಂದರೆ ಹಳ್ಳಿಯಿಂದ ಬಂದ ಅಜ್ಜಿ ಸುಮ್ಮನೆ ಮುಖ ನೋಡುತ್ತಾರೆ. ‘ನಿಮಗೆ ಸಕ್ಕರೆ ಕಾಯಿಲೆ ಐತೆ ಅಂತ ಡಾಕ್ಟರು ಯಾವತ್ತಾದರೂ ಹೇಳಿದ್ದಾರಾ, ಅಜ್ಜಿ?’ ಎಂದರೆ ಉತ್ತರ ಬರುತ್ತದೆ. ಸಮ್ಮತಿ ಪತ್ರವೂ ಹೀಗೆ ಆಡುಮಾತಿಗೆ ಹತ್ತಿರವಿರಲಿ. ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು.

ಎಕ್ಸೆಲ್‌ನಲ್ಲಿ ಒಬ್ಬರಿಗೆ ಒಂದೇ ಸಾಲು. ಲಿಂಗದ ಕಾಲಂನಲ್ಲಿ ‘ಗಂಡು’, ‘ಪುರುಷ’, ‘ಪು’ ಎಂದು ಮೂರು ಬಗೆ ತುಂಬಿದರೆ ಸಾಫ್ಟ್‌ವೇರ್ ಮೂರು ಗುಂಪು ಎಣಿಸುತ್ತದೆ. 1, 2 ಎಂಬ ಕೋಡ್ ಕೊಟ್ಟು ಅದರ ಅರ್ಥವನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ವಯಸ್ಸಿನ ಕಾಲಂನಲ್ಲಿ ‘45 ವರ್ಷ’ ಬೇಡ, ಬರೀ 45.

ಯೋಜನೆಯ ಕೊರತೆಯನ್ನೂ ಹೇಳಲೇಬೇಕು. ಹಣ ಬರುವುದು ವರದಿ ಒಪ್ಪಿಗೆಯಾದ ಮೇಲೆ. ಕಿಟ್, ಲ್ಯಾಬ್ ಪರೀಕ್ಷೆ, ಓಡಾಟದ ಖರ್ಚಿಗೆ ಬೇರೆ ಅನುದಾನವಿಲ್ಲ. ಬಡ ಮನೆಯ ವಿದ್ಯಾರ್ಥಿಗೆ ಇದು ನಿಜವಾದ ಅಡ್ಡಿ. ಒಬ್ಬ ಗೈಡ್‌ಗೆ ಒಂದು ಸುತ್ತಿನಲ್ಲಿ ಒಬ್ಬನೇ ವಿದ್ಯಾರ್ಥಿ ಎಂಬ ನಿಯಮದಿಂದ ಒಳ್ಳೆಯ ಗೈಡ್‌ಗಳು ಬೇಗ ಬುಕ್ ಆಗುತ್ತಾರೆ. ಅರ್ಜಿ ಕರೆಯುವ ಮೂರ್ನಾಲ್ಕು ತಿಂಗಳ ಮೊದಲೇ ಹೋಗಿ ಕೇಳಿ. ಖರ್ಚಿಲ್ಲದ, ಒಪಿಡಿಯಲ್ಲೇ ಸಿಗುವ ಪ್ರಶ್ನೆಯೊಂದನ್ನು ಕೈಯಲ್ಲಿ ಹಿಡಿದೇ ಹೋಗಿ.